ಅರ್ಥಶಾಸ್ತ್ರದ ವ್ಯಾಸಂಗಕ್ಕೆ ಗಣಿತವೇಕೆ?

ಅರ್ಥಶಾಸ್ತ್ರವು ಗಣಿತಕ್ಕೆ ಅಂಜಿದವರು ಆಶ್ರಯಿಸುವ ವಿಷಯವೆಂಬ ನಂಬಿಕೆ ನಮ್ಮ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಹಾಗೆ ನಂಬಿ ಹತ್ತನೆಯ ತರಗತಿಯೊಡನೆಯೇ ಗಣಿತವನ್ನು ಕೈಬಿಟ್ಟವರು, ಎರಡು ವರ್ಷಗಳ ತರುವಾಯ ಕೆಲವು ವಿಶ್ವವಿದ್ಯಾನಿಲಯಗಳಲ್ಲಿ ತಮಗೆ ಪ್ರವೇಶವಿಲ್ಲವೆಂದು ತಿಳಿದು ಮರುಗುವುದುಂಟು. ಈ ಎರಡು ಶಾಸ್ತ್ರಗಳಿಗೆ ಸಂಬಂಧವಾದರೂ ಏನು?

ಒಬ್ಬ ರೈತನು ತನ್ನ ಹೊಲಕ್ಕೆ ಒಂದು ಮೂಟೆ ಗೊಬ್ಬರ ಹಾಕಿದಾಗ ರಾಗಿಯ ಇಳುವರಿ 3 ಕ್ವಿಂಟಲ್ ಹೆಚ್ಚಿತೆಂದು ಇಟ್ಟುಕೊಳ್ಳೋಣ. ಎರಡನೆಯ ಮೂಟೆಯಿಂದ 2, ಮೂರನೆಯದರಿಂದ 1, ನಾಲ್ಕನೆಯದರಿಂದ ಕೇವಲ ಕಾಲು ಕ್ವಿಂಟಲ್ ಹೆಚ್ಚುತ್ತದೆ. ಒಂದು ಮೂಟೆಯ ಖರ್ಚು ಅರ್ಧ ಕ್ವಿಂಟಲ್ ರಾಗಿಯ ಬೆಲೆಯಷ್ಟಿರಲಿ. ನಾಲ್ಕು ಮೂಟೆಗಳ ಸರಾಸರಿಯನ್ನು ನೋಡಿದರೆ, ಮೂಟೆಗೆ ಒಂದೂವರೆ ಕ್ವಿಂಟಲಿಗೂ ಮಿಗಿಲಾದ ಇಳುವರಿಯ ಹೆಚ್ಚಳ ಕಾಣುತ್ತದೆ. ಆದರೂ ನಾಲ್ಕನೆಯ ಮೂಟೆ ನಷ್ಟವೇ! ಜಾಣನಾದ ರೈತನು ಮೂರಕ್ಕೇ ನಿಲ್ಲಿಸುತ್ತಾನೆ.

ಹೀಗೆ ಕೊನೆಯದಾಗಿ ಸೇರಿಸಿದ ಒಂದು ಘಟಕದಿಂದ ಆಗುವ ಹೆಚ್ಚಳಕ್ಕೆ ಸೀಮಾಂತ ಉತ್ಪನ್ನವೆಂದು ಹೆಸರು. ಗೊಬ್ಬರವನ್ನು ಮೂಟೆಗಳಲ್ಲಿ ಎಣಿಸದೆ ಹಿಡಿಹಿಡಿಯಾಗಿ ಅಳೆದರೆ ಇಳುವರಿಯ ಲೆಕ್ಕವು ಒಂದು ವಕ್ರರೇಖೆಯಾಗುತ್ತದೆ. ಅದರ ಪ್ರತಿಯೊಂದು ಬಿಂದುವಿನಲ್ಲಿ ಏರಿಕೆಯ ದರವೆಷ್ಟೆಂಬುದನ್ನು ತಿಳಿಸುವುದೇ ಕಲನಶಾಸ್ತ್ರ. 1890ರಲ್ಲಿ ‘ಅರ್ಥಶಾಸ್ತ್ರದ ತತ್ತ್ವಗಳು’ ಎಂಬ ಗ್ರಂಥವನ್ನು ಪ್ರಕಟಿಸಿದ ಆಲ್ಫ್ರೆಡ್ ಮಾರ್ಷಲ್ ಕೇಂಬ್ರಿಜ್‌ನಲ್ಲಿ ಓದಿದ್ದು ಗಣಿತವನ್ನೇ. ಸಾಮಾನ್ಯ ಓದುಗರಿಗೆ ತೊಡಕಾಗದಿರಲೆಂದು ಅವರು ಸಮೀಕರಣಗಳನ್ನು ಗ್ರಂಥದ ಅನುಬಂಧದಲ್ಲಿರಿಸಿದರು.

ಅದೇ ಕೇಂಬ್ರಿಜ್‌ನಲ್ಲಿ ಇಂದು ಅರ್ಥಶಾಸ್ತ್ರವನ್ನು ಓದಬಯಸುವವರು ಶಾಲೆಯಲ್ಲಿ ಗಣಿತವನ್ನು ಓದಿರಲೇಬೇಕು. ಅರ್ಥಶಾಸ್ತ್ರವನ್ನು ಓದಿರಬೇಕೆಂಬ ಕಡ್ಡಾಯವಿಲ್ಲ! ದೆಹಲಿ ವಿಶ್ವವಿದ್ಯಾನಿಲಯದ ಬಿ.ಎ. ಆನರ್ಸ್ ಅರ್ಥಶಾಸ್ತ್ರಕ್ಕೆ 2022ರಿಂದ ಕೇಂದ್ರೀಯ ವಿಶ್ವವಿದ್ಯಾನಿಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ವಿದ್ಯಾರ್ಥಿಗಳನ್ನು ಆರಿಸಲಾಗುತ್ತಿದ್ದು, ಅಲ್ಲಿಯೂ ಗಣಿತದ ಪತ್ರಿಕೆ ಅನಿವಾರ್ಯ. ನಮ್ಮ ನಾಡಿನ ಅನೇಕ ಕಾಲೇಜುಗಳಲ್ಲಿ ಗಣಿತವಿಲ್ಲದೆಯೂ ಅರ್ಥಶಾಸ್ತ್ರವನ್ನು ಒಂದು ವಿಷಯವಾಗಿ ಆರಿಸಿ ಬಿ.ಎ. ಓದಬಹುದು, ನಿಜ. ಆದರೆ ಮುಂದೆ ಎಂ.ಎ. ತರಗತಿಯಲ್ಲಿ ಕಲನಶಾಸ್ತ್ರವೂ ಸಂಖ್ಯಾಶಾಸ್ತ್ರವೂ ಎದುರಾಗುತ್ತವೆ.

ಗಣಿತವೊಂದೇ ಅರ್ಥಶಾಸ್ತ್ರಜ್ಞನನ್ನು ರೂಪಿಸದು. ರೈತನಿಗೆ ಸಾಲವೇಕೆ ಸಿಗಲಿಲ್ಲ, ಮಳೆ ತಪ್ಪಿದ ವರ್ಷ ಅವನ ಸಂಸಾರದ ಗತಿಯೇನು ಎಂಬುದನ್ನು ಅರಿಯಲು ಇತಿಹಾಸ ಮತ್ತು ಸಮಾಜದ ಪರಿಚಯವೂ ಬೇಕು. ಆದರೆ ಇವನ್ನು ಮುಂದೆ ಸ್ವತಃ ಓದಿ ತಿಳಿಯಬಹುದು, ಪಿ.ಯು.ಸಿ.ಯಲ್ಲಿ ಬಿಟ್ಟ ಗಣಿತವನ್ನು ಮರಳಿ ಹಿಡಿಯುವುದು ಕಷ್ಟ. ಆದುದರಿಂದ ಅರ್ಥಶಾಸ್ತ್ರದಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಯು ಪಿ.ಯು.ಸಿ.ಗೆ ಸೇರುವ ಮುನ್ನವೇ ತಾನು ಬಯಸುವ ವಿಶ್ವವಿದ್ಯಾನಿಲಯದ ಪ್ರವೇಶ ನಿಯಮಗಳನ್ನು ಓದಿ, ಅನಂತರ ವಿಷಯಗಳನ್ನು ಆರಿಸಿಕೊಳ್ಳುವುದು ಲೇಸು.