ಪನ್ಹಾಳದ ಬಾವಿ, ಕಲ್ಲೋಳದ ಹೊಳೆ

ರಾಯಬಾಗ 1949ರ ಮಾರ್ಚ್ ತನಕ ಕೊಲ್ಲಾಪುರ ಸಂಸ್ಥಾನದ ಊರು. ಪಕ್ಕದ ಚಿಕ್ಕೋಡಿ ಸೀಮೆಗಾಗಿ ಕೊಲ್ಲಾಪುರದವರೂ ನಿಪ್ಪಾಣಿಯ ದೇಸಾಯರೂ ಹತ್ತೊಂಬತ್ತನೇ ಶತಮಾನದ ಆರಂಭದವರೆಗೆ ಗುದ್ದಾಡಿದ್ದಾರೆ. ಆದರೆ ಆ ಸಂಸ್ಥಾನದ ಗಾದಿ ಮೊದಲಿಗೆ ಕೊಲ್ಲಾಪುರ ಪೇಟೆಯಲ್ಲಿರಲಿಲ್ಲ. ಅಲ್ಲಿಂದ ವಾಯವ್ಯಕ್ಕೆ 20 ಕಿ.ಮೀ. ದೂರದಲ್ಲಿ, ಬಯಲಿನಿಂದ ಸುಮಾರು 400 ಮೀಟರ್ ಮೇಲೆದ್ದು ನಿಂತ ಪನ್ಹಾಳ ಗುಡ್ಡದ ತಲೆಯ ಮೇಲಿತ್ತು. ಮರಾಠಾ ರಾಣಿ ತಾರಾಬಾಯಿ ಅದನ್ನು ರಾಜಧಾನಿ ಮಾಡಿಕೊಂಡದ್ದು ಹದಿನೆಂಟನೇ ಶತಮಾನದ ಮೊದಲ ದಶಕದಲ್ಲಿ. 1782ರ ಹೊತ್ತಿಗೆ ದರಬಾರು ಕೆಳಗಿಳಿದು ಕೊಲ್ಲಾಪುರ ಸೇರಿತು.

ಆಕೆಗಿಂತ ಐದು ನೂರು ವರ್ಷ ಮೊದಲೂ ಅದು ರಾಜಧಾನಿಯೇ. ಶಿಲಾಹಾರ ಇಮ್ಮಡಿ ಭೋಜ 1191-92ರಲ್ಲಿ ಪನ್ಹಾಳದಿಂದ ಆಳುತ್ತಿದ್ದುದಕ್ಕೆ ತಾಮ್ರಪಟದ ಸಾಕ್ಷ್ಯವಿದೆ. ಈ ಶಿಲಾಹಾರರ ಶಾಸನಗಳಲ್ಲಿ ಎಷ್ಟೋ ಕನ್ನಡದಲ್ಲಿವೆ. ಅವರ ಕಾಲದ ಕೆಲಸವನ್ನು ಹತ್ತಿರದಿಂದ ನೋಡಬೇಕೆಂದರೆ ಕಾಗವಾಡ ತಾಲ್ಲೂಕಿನ ಜುಗುಳಕ್ಕೆ ಹೋಗಿ ಕೃಷ್ಣೆ ದಾಟಿದರೆ ಸಾಕು, ಆಚೆ ದಂಡೆಯಲ್ಲಿ ಖಿದ್ರಾಪುರದ ಕೋಪೇಶ್ವರ ಗುಡಿ ಸಿಗುತ್ತದೆ. ಭೋಜನನ್ನು ಸೋಲಿಸಿದ ಯಾದವ ಸಿಂಘಣನ 1213-14ರ ಶಾಸನ ಅದೇ ಗುಡಿಯಲ್ಲಿದೆ.

ಇತಿಹಾಸದ ಪುಸ್ತಕಗಳು ಗುಡ್ಡದ ಮೇಲಿನ ರಾಜಧಾನಿಯನ್ನು ಗೋಡೆ, ಬಾಗಿಲು, ಬುರುಜುಗಳ ಮೂಲಕ ವಿವರಿಸುತ್ತವೆ. ನನಗೆ ಮೊದಲು ಹುಟ್ಟುವ ಪ್ರಶ್ನೆ ಬೇರೆ: ಅಷ್ಟು ಜನ ಅಲ್ಲಿ ಏನು ಕುಡಿದರು? ಹೊಳೆ ಗುಡ್ಡ ಹತ್ತುವುದಿಲ್ಲ. ಸುತ್ತಲಿನ ಅಂತರ್ಜಲವೂ ಅಲ್ಲಿಗೆ ಏರುವುದಿಲ್ಲ. ತಲೆಯ ಮೇಲೆ ಬಿದ್ದ ಮಳೆಯಷ್ಟೇ ಗುಡ್ಡದ ಆಸ್ತಿ.

ಆ ಆಸ್ತಿ ಎಲ್ಲಿ ಉಳಿಯುತ್ತದೆ ಎಂಬುದನ್ನು ಕಲ್ಲು ಹೇಳುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನಲ್ಲಿ ಲಾವಾ ಹೊರಳಿ ಹೊರಳಿ ಹರಿದು, ಪದರದ ಮೇಲೆ ಪದರವಾಗಿ ಹೆಪ್ಪುಗಟ್ಟಿತು. ಪನ್ಹಾಳವೂ ಚಿಕ್ಕೋಡಿ, ನಿಪ್ಪಾಣಿ, ಅಥಣಿಗಳೂ ನಿಂತಿರುವುದು ಆ ಕಪ್ಪು ಬಸಾಲ್ಟಿನ ಮೇಲೆಯೇ. ಗಟ್ಟಿ ಬಸಾಲ್ಟಿನೊಳಗೆ ನೀರಿಗೆ ಜಾಗವಿಲ್ಲ. ಬಿರುಕು ಇದ್ದಲ್ಲಿ ಮಾತ್ರ ಇಳಿಯುತ್ತದೆ. ಆದರೆ ಪನ್ಹಾಳದ ನೆತ್ತಿಯಲ್ಲಿರುವುದು ಬಸಾಲ್ಟ್ ಅಲ್ಲ, ಜಂಬಿಟ್ಟಿಗೆ. ಕೋಟ್ಯಂತರ ವರ್ಷಗಳ ಬಿಸಿಲು ಮಳೆಗೆ ಬಸಾಲ್ಟ್ ಕೊಳೆತು, ಅದರ ಸಿಲಿಕಾ, ಕ್ಯಾಲ್ಸಿಯಂ, ಮೆಗ್ನೀಸಿಯಂ ತೊಳೆದುಹೋಗಿ, ಕರಗಲೊಲ್ಲದ ಕಬ್ಬಿಣ ಮತ್ತು ಅಲ್ಯುಮಿನಿಯಂ ಆಕ್ಸೈಡುಗಳು ತುಕ್ಕಿನ ಬಣ್ಣದ ಕಲ್ಲಾಗಿ ಉಳಿದವು. ಕೇರಳದಲ್ಲಿ ಇದನ್ನು ಕಂಡ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಲ್ಯಾಟರೈಟ್ ಎಂಬ ಹೆಸರಿಟ್ಟ.

ಜಂಬಿಟ್ಟಿಗೆ ಹುಳು ತಿಂದ ಕಟ್ಟಿಗೆಯಂತೆ ತೂತು ತೂತು. ಮಳೆ ಬಿದ್ದದ್ದೇ ತಡ, ಒಳಗೆ ಇಳಿಯುತ್ತದೆ. ಇಳಿದ ನೀರು ಕೆಳಗಿನ ಜೇಡಿಯ ಪದರಕ್ಕೋ ಗಟ್ಟಿ ಬಸಾಲ್ಟಿಗೋ ತಾಗಿ ನಿಂತು, ಅಡ್ಡಕ್ಕೆ ಸರಿದು, ಗುಡ್ಡದ ಅಂಚಿನಲ್ಲಿ ಝರಿಯಾಗಿ ಹೊರಬೀಳುತ್ತದೆ. ಬಯಲಿನ ಬಾವಿಗೆ ಮೈಲುಗಟ್ಟಲೆ ಸುತ್ತಲಿನ ನೆಲ ನೀರು ಕೊಡುತ್ತದೆ. ಗುಡ್ಡದ ಬಾವಿಗಾದರೋ ಎಲ್ಲ ದಿಕ್ಕಿನಲ್ಲೂ ಸೋರಿಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತುಂಬಿದ್ದು ಮಾರ್ಚ್‌ಗೆ ಎಷ್ಟು ಉಳಿಯುತ್ತದೆ ಎಂಬುದು ಜೇಡಿಯ ಪದರದ ಇಳಿಜಾರಿನ ಮೇಲೆ ನಿಂತಿದೆ.

ಇದನ್ನು ಪನ್ಹಾಳದ ಹಳಬರು ಬಲ್ಲರು. ಬಿಜಾಪುರದ ಆದಿಲಶಾಹಿಯವರು ಕಟ್ಟಿಸಿದ ಅಂಧಾರ ಬಾವಡಿಯೇ ಇದಕ್ಕೆ ಸಾಕ್ಷಿ. ಮೂರು ಅಂತಸ್ತಿನ ಕಲ್ಲಿನ ಕಟ್ಟಡ, ತಳದಲ್ಲಿ ನೀರು, ಸುತ್ತಿಕೊಂಡು ಇಳಿಯುವ ಮೆಟ್ಟಿಲು, ಮೇಲೆ ಕಾವಲಿನವರಿಗೆ ಜಾಗ. ಮುತ್ತಿಗೆ ಹಾಕಿದವರು ಮೊದಲು ನೀರಿಗೇ ವಿಷ ಹಾಕುತ್ತಾರೆಂಬ ಭಯಕ್ಕೆ ಬಾವಿಯನ್ನೇ ಕೋಟೆಯೊಳಗಿನ ಕೋಟೆ ಮಾಡಿದ್ದರು. ಕಾಳಿಗೆ ಇಷ್ಟು ಪಾಡಿಲ್ಲ. ನಮ್ಮ ಕಡೆ ಹಗೇವಿನಲ್ಲಿ ಜೋಳ ತುಂಬಿದರೆ, ಅಲ್ಲಿ ಗಂಗಾ, ಯಮುನಾ, ಸರಸ್ವತಿ ಎಂಬ ಮೂರು ಕಣಜಗಳ ಅಂಬರಖಾನೆ. ಕಾಳಿನ ಉಗ್ರಾಣಕ್ಕೆ ನದಿಗಳ ಹೆಸರಿಟ್ಟವರ ಮನಸ್ಸಿನಲ್ಲಿ ಏನಿತ್ತೋ! 1660ರಲ್ಲಿ ಬಿಜಾಪುರದ ಸೇನಾನಿ ಸಿದ್ದಿ ಜೌಹರ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಕೂತಾಗ ಶಿವಾಜಿ ಹೊರಬಿದ್ದದ್ದು ಜುಲೈ ತಿಂಗಳ ಮಳೆಯ ರಾತ್ರಿಯಲ್ಲಿ. ಗುಡ್ಡದ ಮೇಲೆ ನೀರಿಗೆ ಬರವಿಲ್ಲದ ತಿಂಗಳು ಅದು.

ಲೆಕ್ಕ ಹಾಕಿ ನೋಡೋಣ. ಒಂದು ಚದರ ಕಿಲೋಮೀಟರಿನ ಮೇಲೆ 1000 ಮಿ.ಮೀ. ಮಳೆ ಬಿದ್ದರೆ 100 ಕೋಟಿ ಲೀಟರ್. ಹತ್ತು ಸಾವಿರ ಜನರ ಪಾಳೆಯಕ್ಕೆ ತಲೆಗೆ ದಿನಕ್ಕೆ 20 ಲೀಟರಿನಂತೆ, ಮಳೆಯಿಲ್ಲದ 240 ದಿನಗಳಿಗೆ ಬೇಕಾಗುವುದು 4.8 ಕೋಟಿ ಲೀಟರ್. ಬಿದ್ದದ್ದರಲ್ಲಿ ನೂರಕ್ಕೆ ಐದು ಪಾಲು ಹಿಡಿದಿಟ್ಟರೂ ನಡೆಯುತ್ತದೆ. ಒಂದಷ್ಟು ಬಾವಿ, ಕೆರೆಗಳಿಂದ ಅದು ಸಾಧ್ಯ. ಈಗ ಅದೇ ಗುಡ್ಡದ ಮೇಲೆ ಒಂದು ಲಕ್ಷ ಜನರ ಪಟ್ಟಣ ಎಂದುಕೊಳ್ಳಿ, ತಲೆಗೆ 135 ಲೀಟರ್. ಅಷ್ಟೇ ದಿನಗಳಿಗೆ 324 ಕೋಟಿ ಲೀಟರ್ ಬೇಕು. ಮಳೆ ಎರಡು ಪಟ್ಟು ಬಿದ್ದು, ಒಂದು ಹನಿಯೂ ಸೋರದೆ ಉಳಿದರೂ ಸಾಲದು. ಗುಡ್ಡ ದಂಡನ್ನು ಸಾಕುತ್ತದೆ, ಪೇಟೆಯನ್ನು ಸಾಕುವುದಿಲ್ಲ. 1782ರ ಸ್ಥಳಾಂತರಕ್ಕೆ ರಾಜಕೀಯ ಕಾರಣಗಳು ಇದ್ದೇ ಇರುತ್ತವೆ. ಆದರೆ ಬೆಳೆಯಬಯಸುವ ಸಂಸ್ಥಾನ ಪಂಚಗಂಗೆಯ ದಂಡೆಗೆ ಇಳಿದದ್ದರಲ್ಲಿ ನನಗೆ ಆಶ್ಚರ್ಯ ಕಾಣುವುದಿಲ್ಲ. ಪನ್ಹಾಳದ ಜನಸಂಖ್ಯೆ 2011ರಲ್ಲಿ ಮೂರು ಸಾವಿರದ ಆಸುಪಾಸು, ಕೊಲ್ಲಾಪುರದ್ದು ಐದು ಲಕ್ಷ ದಾಟಿದೆ.

ಕೆಳಗಿನಿಂದ ಹೊತ್ತು ತರಬಹುದಲ್ಲ? 15 ಲೀಟರಿನ ಕೊಡವನ್ನು 400 ಮೀಟರ್ ಏರಿಸಲು ಸುಮಾರು 59 ಕಿಲೋಜೂಲ್ ಸಾಕು. ಹೊರುವ 55 ಕಿಲೋ ತೂಕದ ಮನುಷ್ಯನ ಮೈ ಏರಿಸಲು 216 ಬೇಕು. ಶ್ರಮದ ಐದರಲ್ಲಿ ನಾಲ್ಕು ಪಾಲು ಹೊರುವವನನ್ನು ಎತ್ತುವುದಕ್ಕೇ ಹೋಗುತ್ತದೆ. ಪಂಪು ಈ ದಂಡವನ್ನು ತಪ್ಪಿಸಿತು, ಬಿಲ್ಲನ್ನು ತಪ್ಪಿಸಲಿಲ್ಲ. ಇಂದಿನ ಗುಡ್ಡದ ರಾಜಧಾನಿಗಳು ಬದುಕಿರುವುದು ಹಾಗೆ. ಮಿಜೋರಾಮಿನ ಐಜಾಲ್ ಬೆಟ್ಟದ ಏಣಿನ ಮೇಲೆ ಕೂತು, ಕಣಿವೆಯ ತ್ಲಾಂಗ್ ನದಿಯಿಂದ ಸುಮಾರು ಒಂದು ಕಿಲೋಮೀಟರ್ ಎತ್ತರಕ್ಕೆ ನೀರು ಎಳೆಯುತ್ತದೆ. ಸಾವಿರ ಲೀಟರ್ ನೀರನ್ನು ಅಷ್ಟು ಎತ್ತರಕ್ಕೆ ಏರಿಸಲು ಭೌತಶಾಸ್ತ್ರದ ಪ್ರಕಾರ 2.7 ಯೂನಿಟ್ ವಿದ್ಯುತ್ತು, ಪಂಪು ಪೈಪುಗಳ ನಷ್ಟ ಸೇರಿದರೆ ನಾಲ್ಕರ ಹತ್ತಿರ. ಶಿಮ್ಲಾದಲ್ಲಿ 2018ರ ಬೇಸಿಗೆಗೆ ಮೂಲಗಳೇ ಬತ್ತಿ, ಟ್ಯಾಂಕರಿನ ಮುಂದೆ ಸಾಲು ನಿಂತಿತ್ತು. ಬೆಳಗಾವಿಯ ಹಲಗಾ ಬಳಿಯ ಎತ್ತರದಲ್ಲಿ 2012ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧಕ್ಕೆ ಈ ಚಿಂತೆ ಅಷ್ಟಾಗಿಲ್ಲ. ಅಲ್ಲಿ ಸರ್ಕಾರವೇ ವರ್ಷಕ್ಕೆ ಕೆಲವು ದಿನ ಮಾತ್ರ ಇರುತ್ತದೆ.

ಪನ್ಹಾಳ ಹಿಡಿದಿಡದ ನೀರು ಸುತ್ತಲಿನ ಹಳ್ಳಗಳ ಮೂಲಕ ಹೊಳೆಗೆ ಇಳಿಯುತ್ತದೆ. ಕಾಸಾರಿ, ಕುಂಭಿ, ತುಳಸಿ, ಭೋಗಾವತಿಗಳು ಕೂಡಿ ಪಂಚಗಂಗೆಯಾಗಿ, ನರಸೋಬವಾಡಿಯಲ್ಲಿ ಕೃಷ್ಣೆ ಸೇರುತ್ತವೆ. ನಿಪ್ಪಾಣಿ ಕಡೆಯಿಂದ ಬರುವ ವೇದಗಂಗೆಯನ್ನು ಕೂಡಿಸಿಕೊಂಡ ದೂಧಗಂಗೆ ಕಲ್ಲೋಳದ ಬಳಿ ಕೃಷ್ಣೆಗೆ ಬೀಳುತ್ತದೆ. ಮಳೆಗಾಲದಲ್ಲಿ ಈ ಸೀಮೆಯ ಜನರ ಬಾಯಲ್ಲಿ ಒಂದೇ ಮಾತು: ರಾಜಾಪುರ ಬ್ಯಾರೇಜಿನಿಂದ ಇವತ್ತು ಎಷ್ಟು ಕ್ಯೂಸೆಕ್? ಕಲ್ಲೋಳ-ಯಡೂರ, ಮಲಿಕವಾಡ-ದತ್ತವಾಡ ಸೇತುವೆಗಳು ಮುಳುಗಿದವೇ? ಈ ನೀರಿನಲ್ಲಿ ಪನ್ಹಾಳದ ಪಾಲು ತೀರ ಚಿಕ್ಕದು, ದೊಡ್ಡ ಪಾಲು ಸಹ್ಯಾದ್ರಿಯ ಏಣಿನದು. ಗಗನಬಾವಡಾದಲ್ಲಿ 5000 ಮಿ.ಮೀ. ದಾಟುವ ಮಳೆ ಕೊಲ್ಲಾಪುರದಲ್ಲಿ 1000ಕ್ಕೆ ಇಳಿದು, ಅಥಣಿ ತಲುಪುವಾಗ 600ರ ಆಸುಪಾಸು. ಆಕಾಶದಿಂದ ಬಾರದ ನೀರು ಹೊಳೆಯಲ್ಲಿ ಬರುತ್ತದೆ, ಅದೂ ಬಂದರೆ ಒಮ್ಮೆಲೇ. 2021ರ ಜುಲೈನಲ್ಲಿ ಇಲ್ಲಿ ಹೊಳೆ ಊರು ಹೊಕ್ಕಾಗ ಅಲ್ಲಿ ಪನ್ಹಾಳಕ್ಕೆ ಹೋಗುವ ಮುಖ್ಯ ರಸ್ತೆಯೇ ಕುಸಿದು ಕೆಳಗೆ ಜಾರಿತ್ತು.

ಹೆಚ್ಚು ಸೋಜಿಗ ಮಣ್ಣಿನದು. ನೆತ್ತಿಯಲ್ಲಿ ಜಂಬಿಟ್ಟಿಗೆಯಾದ ಬಸಾಲ್ಟೇ ಅಥಣಿ, ರಾಯಬಾಗಗಳಲ್ಲಿ ಎರೆಮಣ್ಣಾಗಿದೆ. ಮಳೆ ಕಡಿಮೆ, ನೆಲ ಸಪಾಟು. ಆದ್ದರಿಂದ ಸಿಲಿಕಾ, ಕ್ಯಾಲ್ಸಿಯಂ, ಮೆಗ್ನೀಸಿಯಂ ಕೊಚ್ಚಿಹೋಗದೆ ಉಳಿದು, ನೀರು ಕುಡಿದು ಉಬ್ಬುವ, ಒಣಗಿದರೆ ಮೊಣಕಾಲುದ್ದ ಬಾಯಿಬಿಡುವ ಜೇಡಿಯಾಗಿ ಕೂತಿವೆ. ಮೇಲಿನ ಮಣ್ಣಿಗೆ ನೀರು ನಿಲ್ಲಿಸಲು ಬಾರದು, ಕೆಳಗಿನದಕ್ಕೆ ಬಿಡಲು ಬಾರದು. ಕೃಷ್ಣೆಯ ನೀರೆತ್ತಿ ವರ್ಷವಿಡೀ ಕಬ್ಬಿಗೆ ಹಾಯಿಸಿದ ಕಡೆಯೆಲ್ಲ ಇದರ ಫಲ ಕಾಣುತ್ತದೆ. ಅಂತರ್ಜಲ ಬೇರಿನ ಮಟ್ಟಕ್ಕೆ ಏರಿ, ಬಿಸಿಲಿಗೆ ಆರಿದಾಗ ಉಪ್ಪು ಮೇಲೆ ಉಳಿದು, ಕಾಗವಾಡ, ಅಥಣಿ, ರಾಯಬಾಗಗಳ ಹೊಳೆದಂಡೆಯ ಹೊಲಗಳು ಸವಳು-ಜವಳಾಗಿವೆ. ಇಂಥ ಹೊಲದಲ್ಲಿ ರೈತ ಈಗ ಮಾಡುವ ಖರ್ಚು ನೀರು ತರುವುದಕ್ಕಲ್ಲ. ನೆಲದೊಳಗೆ ತೂತಿನ ಪೈಪು ಹೂತು, ನಿಂತ ನೀರನ್ನು ಹಳ್ಳಕ್ಕೆ ಹೊರಹಾಕುವುದಕ್ಕೆ.