ಚೌಕ ಕಲ್ಲಿನ ದುಂಡು ಕಟ್ಟೆ

ವೃತ್ತ ಎಳೆಯಲು ನಡುವೆ ಒಂದು ಗೂಟ ಬೇಕು. ಬಾವಿಯ ನಡುವೆ ಇರುವುದು ನೀರು. ಹಾಗಿದ್ದರೂ ಬಾವಿಕಟ್ಟೆ ಅಷ್ಟು ದುಂಡಗೆ ಬರುವುದು ಹೇಗೆಂದು ಉಡುಪಿ ಕಡೆಯ ಹಿರಿಯ ಮೇಸ್ತ್ರಿಯೊಬ್ಬರನ್ನು ಕೇಳಿದೆ. "ನೀರಲ್ಲಿ ಗೂಟ ಹೊಡೀಲಿಕ್ಕೆ ಆಗ್ತದಾ ಮಾರಾಯ್ರೆ?" ಎಂದು ನಕ್ಕರು. ಬಾವಿಗೆ ಅಡ್ಡಲಾಗಿ ಅಡಿಕೆ ಮರದ ಸೀಳೊಂದನ್ನು ಹಾಕಿ, ನಟ್ಟನಡುವೆ ಮೊಳೆ ಹೊಡೆದು ಹುರಿ ಕಟ್ಟಿದರು. ಹುರಿಯ ತುದಿ ಒಂದು ಸುತ್ತು ಬಂತು. ನಕ್ಷೆ ಎಂದರೆ ಅಷ್ಟೇ.

ಕರಾವಳಿಯ ಹಳೆಯ ಮನೆಗಳಲ್ಲಿ ಪಾಗಾರ, ಅಂಗಳದ ಮೆಟ್ಟಿಲು, ತುಳಸಿಕಟ್ಟೆ, ಬಾವಿಕಟ್ಟೆ ಎಲ್ಲವೂ ಮುರಕಲ್ಲಿನವು. ಮಂಗಳೂರಿನವರಿಗೆ ಅದು ಕೆಂಪುಕಲ್ಲು, ಉತ್ತರ ಕನ್ನಡದವರಿಗೆ ಚಿರೆಕಲ್ಲು. ಮಲಬಾರಿನ ಅಂಗಡಿಪುರದಲ್ಲಿ ಇದನ್ನು ಕಂಡ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ 'ಲ್ಯಾಟರೈಟ್' ಎಂದು ಕರೆದ. ಅಷ್ಟು ಹೊತ್ತಿಗೆ ಕುಮಟಾ ಬಳಿಯ ಮಿರ್ಜಾನ್ ಕೋಟೆ ಇದೇ ಕಲ್ಲಿನಲ್ಲಿ ಎದ್ದು ಹಳೆಯದೂ ಆಗಿತ್ತು. ನೆಲದೊಳಗಿರುವಾಗ ಮೆದು, ಗಾಳಿ ಬಿಸಿಲು ಕಂಡಷ್ಟೂ ಗಟ್ಟಿ. ಚರಿತ್ರೆ ಇಷ್ಟು ಸಾಕು, ನನಗೆ ಬೇಕಾದದ್ದು ಆ ದುಂಡು.

ಕೋರೆಯಿಂದ ಬರುವ ಕಲ್ಲು ಚೌಕ. ಸುಮಾರು ಒಂದೂವರೆ ಅಡಿ ಉದ್ದ, ಮುಕ್ಕಾಲು ಅಡಿ ಅಗಲ, ತೂಕ ಮೂವತ್ತು ಕಿಲೋ ಮೇಲೆ. ಒಳಗೆ ಆರಡಿ ಅಗಲ ಬಿಡುವ ಬಾವಿಗೆ ಒಂದು ವರಸೆಗೆ 16 ಕಲ್ಲು ಹಿಡಿಯುತ್ತದೆ. ಪ್ರತಿ ಕಲ್ಲಿನ ಎರಡೂ ತಲೆಯನ್ನು ಒಳಮೈಯ ಕಡೆಗೆ ಹತ್ತಿರ ಹತ್ತಿರ ಎರಡೆರಡು ಅಂಗುಲ ಓರೆಯಾಗಿ ಕೆತ್ತಬೇಕು. ಮೇಸ್ತ್ರಿ ಅಳತೆಪಟ್ಟಿ ಮುಟ್ಟಲಿಲ್ಲ. ಮೊದಲ ಕಲ್ಲನ್ನು ಹುರಿಗೆ ಹಿಡಿದು ನೋಡಿ ಕೊಡಲಿಯಿಂದ ಕೆತ್ತಿದರು, ಉಳಿದವಕ್ಕೆ ಅದೇ ಮಾದರಿ. ಕೊನೆಯ ಕಲ್ಲನ್ನು ಮಾತ್ರ ಕೂದಲೆಳೆಯಷ್ಟು ದೊಡ್ಡದಾಗಿಯೇ ಉಳಿಸಿಕೊಂಡು, ಮರದ ಕೊಡತಿಯಿಂದ ತಟ್ಟಿ ಕೂರಿಸುತ್ತಾರೆ. ಅದು ಕೂತಾಗ ಇಡೀ ವರಸೆ ಬಿಗಿಯುತ್ತದೆ. ಮೇಲಿನ ವರಸೆಯಲ್ಲಿ ಸಂದಿನ ಮೇಲೆ ಸಂದು ಬರಬಾರದು.

ನೆಲದ ಕೆಳಗೆ ಗಾರೆಯೇ ಇಲ್ಲ. ಮೇಲಿನ ಮುರಪದರ ಗಟ್ಟಿಯಿದ್ದಲ್ಲಿ ಬಾವಿಗೆ ಕಟ್ಟಡವೂ ಬೇಡ, ಕಡಿದ ಗೋಡೆ ತಾನಾಗಿ ನಿಲ್ಲುತ್ತದೆ. ಅದರಡಿ ಶೇಡಿಮಣ್ಣು ಸಿಕ್ಕಿತೋ, ಮಳೆಗಾಲದಲ್ಲಿ ಕುಸಿತ ಖಂಡಿತ. ಅಲ್ಲಿ ಈ ಕಲ್ಲಿನ ಬಳೆ ಬೇಕು. ಹೊರಗಿನ ಮಣ್ಣು ಒತ್ತಿದಷ್ಟೂ ಕಲ್ಲುಗಳು ಒಂದನ್ನೊಂದು ಕಚ್ಚುತ್ತವೆ, ಸಂದಿನಲ್ಲಿ ಒರತೆ ಒಳಗಿಳಿಯುತ್ತದೆ. ನೆಲದ ಮೇಲಿನ ಕಟ್ಟೆಗೆ ಹಿಂದೆ ಚಿಪ್ಪುಸುಣ್ಣ ಬಳಸುತ್ತಿದ್ದರು, ಈಗ ಸಿಮೆಂಟು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ನೀರು ಕುಡಿಯುವ ಕಲ್ಲಿಗೆ ದಪ್ಪ ಸಿಮೆಂಟು ಬಳಿದರೆ ಅದು ಹಕ್ಕಳೆ ಕಟ್ಟಿ ಏಳುತ್ತದೆ. ಆದರೂ ಮನೆಯವರಿಗೆ ನುಣುಪೇ ಬೇಕು.

ಕಲ್ಲು ಸಿಗುವುದೂ ಸಲೀಸಲ್ಲ. 2025ರಲ್ಲಿ ದಕ್ಷಿಣ ಕನ್ನಡದಲ್ಲಿ ಪರವಾನಗಿ, ರಾಜಧನದ ತಕರಾರಿನಿಂದ ಕೆಂಪುಕಲ್ಲಿನ ಪೂರೈಕೆ ಕಟ್ಟಿ ಕೂಲಿಯವರು ಕೆಲಸವಿಲ್ಲದೆ ಕೂತರು. ಹಾಗೆಂದು ಕೋರೆಗಳ ಪರ ವಕಾಲತ್ತು ವಹಿಸಲಾರೆ. ಮುಚ್ಚದೆ ಬಿಟ್ಟ ಹೊಂಡಗಳಲ್ಲಿ ಮಕ್ಕಳು ಮುಳುಗಿದ ಸುದ್ದಿ ಪ್ರತಿ ಮಳೆಗಾಲಕ್ಕೂ ಇದೆ. ಬಾವಿಗಳಿಗೆ ಕಾಂಕ್ರೀಟ್ ರಿಂಗು ಬಂದಿದೆ. ಬೇಗ ಇಳಿಯುತ್ತದೆ, ಕುಸಿಯುವ ಶೇಡಿಯಲ್ಲಿ ಕೆಲಸಗಾರರ ಜೀವಕ್ಕೂ ಕ್ಷೇಮ. ಮೇಸ್ತ್ರಿಯೇ ಒಪ್ಪುತ್ತಾರೆ.

ಅವರಿಗೀಗ ಹೆಚ್ಚಾಗಿ ಕರೆ ಬರುವುದು ಆ ರಿಂಗಿನ ಹೊರಮೈಗೆ ಮುರಕಲ್ಲಿನ ತೆಳು ಬಿಲ್ಲೆಗಳನ್ನು ಅಂಟಿಸಲು. ಹಳೆಯ ಕಟ್ಟೆಯ ಹಾಗೆ ಕಾಣಬೇಕಂತೆ. ಕೂಲಿಯೂ ಅದಕ್ಕೇ ಜಾಸ್ತಿ.