ಜೈಲು ಮುಗೀತು, ದಾಖಲೆ ಮುಗಿಯಲಿಲ್ಲ!

ಗದ್ದೆ ಬದುವಿನ ಜಗಳ, ಮಚ್ಚಿನೇಟು, ಕೊನೆಗೆ ಜೈಲು. ಹೊರಗೆ ಬಂದು ಐದಾರು ವರ್ಷ ಕಳೆದರೆ ದಾಖಲೆಯಿಂದ ಹೆಸರು ತಾನಾಗೇ ಅಳಿಸಿಹೋಗುತ್ತೆ ಅಂತ ನಂಬಿದವರುಂಟು.

ಆ ನಂಬಿಕೆ ತಪ್ಪು. ಮಾರಕಾಯುಧದಿಂದ ತೀವ್ರ ಗಾಯ ಮಾಡಿದರೆ ಹಿಂದೆ ಐಪಿಸಿ 326ನೇ ಕಲಂ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 118(2). ಜೀವಾವಧಿವರೆಗೂ ಶಿಕ್ಷೆ ಉಂಟು. ವಯಸ್ಕರ ದಾಖಲೆಯನ್ನು ಇಂತಿಷ್ಟು ವರ್ಷಕ್ಕೆ ಅಳಿಸಬೇಕೆಂಬ ಸಾಮಾನ್ಯ ಕಾನೂನು ನಮ್ಮ ದೇಶದಲ್ಲಿಲ್ಲ. ಮೇಲ್ಮನವಿಯಲ್ಲಿ ಖುಲಾಸೆಯಾದರೆ ಮಾತು ಬೇರೆ.

ಹಾಗಾದರೆ ಐದಾರು ವರ್ಷದ ಲೆಕ್ಕ ಯಾವುದು? ನೈತಿಕ ಅಧಃಪತನದ ಅಪರಾಧಕ್ಕೆ 2 ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಯಾಗಿದ್ದರೆ, ತೀರ್ಪಿನಿಂದ 5 ವರ್ಷ ಪಾಸ್‌ಪೋರ್ಟಿಗೆ ಅಡ್ಡಿ. 2 ವರ್ಷ ಅಥವಾ ಹೆಚ್ಚು ಶಿಕ್ಷೆಯಾದವರು ಬಿಡುಗಡೆಯಾದ ಮೇಲೂ 6 ವರ್ಷ ವಿಧಾನಸಭೆ, ಲೋಕಸಭೆಗೆ ನಿಲ್ಲುವಂತಿಲ್ಲ. ಅವಧಿ ತೀರುವುದು ಆ ಅಡ್ಡಿಗಳಿಗೆ, ದಾಖಲೆಗಲ್ಲ!

18 ತುಂಬದವರಿಗೆ ರಿಯಾಯಿತಿ ಇದೆ. 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಂ ಪ್ರಕಾರ ಅವರ ದಾಖಲೆ ನಾಶ ಮಾಡಬೇಕು. ಘೋರ ಕೃತ್ಯಕ್ಕಾಗಿ ದೊಡ್ಡವರಂತೆ ವಿಚಾರಣೆಯಾಗಿ ಶಿಕ್ಷೆಗೊಳಗಾದ, 16 ದಾಟಿದ ಹುಡುಗರಿಗೆ ಇದು ಸಿಗದು.

ಕೆಲಸದ ಅರ್ಜಿಯಲ್ಲಿ ಕೇಳಿದರೆ? ಮುಚ್ಚಿಡುವಂತಿಲ್ಲ, ನಿಜವನ್ನೇ ಹೇಳಬೇಕು ಅಂತ ಸುಪ್ರೀಂ ಕೋರ್ಟು 2016ರಲ್ಲೇ ಹೇಳಿದೆ. ಹೇಳಿದ ಮೇಲೂ ಪೂರ್ವಾಪರ ನೋಡಿ ಬೇಕು-ಬೇಡ ಅನ್ನೋದು ಕೆಲಸ ಕೊಡುವವರಿಗೆ ಬಿಟ್ಟದ್ದು. ಕೈ ಎತ್ತುವ ಮುಂಚೆ ಈ ಲೆಕ್ಕ ಗೊತ್ತಿರಲಿ!